ಬೆಲ್ಲದ ಬಣ್ಣದ ಕರಡಿ

2016ರ ಏಪ್ರಿಲ್‌ನಲ್ಲಿ, ಶಾಲೆಗೆ ಬೇಸಿಗೆ ರಜೆ ಬಿಟ್ಟ ಹೊಸದರಲ್ಲಿ, ಅಕ್ಕನ ಮಗನನ್ನು ಕರೆದುಕೊಂಡು ಮೈಸೂರಿಗೆ ಹೋಗಿ ‘ದಿ ಜಂಗಲ್ ಬುಕ್’ ನೋಡಿ ಬಂದೆ. ಅವನಿಗಾಗ ಹತ್ತು ವರ್ಷ. ಥಿಯೇಟರಿನ ಕತ್ತಲಲ್ಲಿ ಕುರ್ಚಿಯ ಅಂಚಿಗೆ ಬಂದು ಕೂತಿದ್ದ. ಹುಲಿ ಗರ್ಜಿಸಿದಾಗ ನನ್ನ ಮೊಣಕೈ ಹಿಡಿದುಕೊಂಡ. ನಾನು ಮಾತ್ರ, ದೂರದ ನೆಂಟರ ಮದುವೆಗೆ ಹೋಗಿ ಪರಿಚಯದ ಒಂದು ಮುಖವೂ ಕಾಣದವನ ಹಾಗೆ ಕೂತಿದ್ದೆ. ವಾಪಸು ಬರುವಾಗ ಬಸ್ಸು ಶ್ರೀರಂಗಪಟ್ಟಣದ ಸೇತುವೆ ದಾಟುತ್ತಿತ್ತು. ಅವನು ಕೇಳಿದ: “ಚೆನ್ನಾಗಿರ್ಲಿಲ್ವಾ ಮಾವ?”

“ಚೆನ್ನಾಗಿತ್ತು ಕಣೋ. ಆದ್ರೆ ಅದು ಮೌಗ್ಲಿ ಅಲ್ಲ.”

ಕಿಟಕಿಯಾಚೆ ಕಾವೇರಿ ನೋಡುತ್ತಿದ್ದವನು ಮುಖ ತಿರುಗಿಸಿ, “ಮತ್ತೆ ಅದ್ಯಾರು?” ಎಂದ.

ನನಗೆ ಉತ್ತರ ಹೊಳೆಯಲಿಲ್ಲ. ಅವನು ಮತ್ತೆ ಕೇಳಲೂ ಇಲ್ಲ. ಎಂಟು ವರ್ಷ ಕಳೆದು, 2024ರ ಮೇ ತಿಂಗಳಲ್ಲಿ, ಅದೇ ಹುಡುಗ ಕಾಲೇಜಿನಿಂದ ಬಂದವನು ಜಗಲಿಯ ಮೇಲೆ ಕೂತು ಫೋನಿನಲ್ಲಿ ಒಂದು ಟ್ರೈಲರ್ ನೋಡುತ್ತಿದ್ದ. ‘ಛೋಟಾ ಭೀಮ್’ ಸಿನಿಮಾ ಆಗಿ ಬರುತ್ತಿತ್ತು. ಬಿಡಿಸಿದ ಬೊಂಬೆಗಳ ಬದಲು ರಕ್ತಮಾಂಸದ ಹುಡುಗರು, ಗುರುವಿನ ಪಾತ್ರದಲ್ಲಿ ಅನುಪಮ್ ಖೇರ್. ಎರಡು ನಿಮಿಷ ನೋಡಿ ಫೋನನ್ನು ಬೋರಲು ಹಾಕಿದ. “ಇದು ಭೀಮ ಅಲ್ಲ ಮಾವ.” ನಾನು ಅವನ ಹಳೆಯ ಪ್ರಶ್ನೆಯನ್ನು ಅವನಿಗೇ ಕೇಳಬಹುದಿತ್ತು. ಕೇಳಲಿಲ್ಲ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಸಂಕಟವಿತ್ತು. ಆ ಸಂಕಟದ ಪರಿಚಯ ನನಗಿತ್ತು.

ಆ ಸಂಕಟ ಯಾವುದು? ಒಂದು ಕಾರ್ಟೂನು, ಅದರ ಮೇಲೊಂದು ಸಿನಿಮಾ. ಹಳೆಯದನ್ನು ಯಾರೂ ಸುಟ್ಟುಹಾಕಿಲ್ಲ, ಬೇಕೆಂದಾಗ ನೋಡಬಹುದು. ಆದರೂ ಹೊಸದು ಬರುತ್ತಿದೆ ಎಂಬ ಸುದ್ದಿಗೇ ನಮ್ಮೊಳಗೆ ಏನೋ ಬಾಗಿಲು ಹಾಕಿಕೊಳ್ಳುತ್ತದೆ. ನೋಡುವ ಮೊದಲೇ ಅನುಮಾನ. ನೋಡಿ ಬಂದ ಮೇಲೆ, ಅನುಮಾನ ನಿಜವಾಯಿತೆಂಬ ದುಃಖ ಬೆರೆತ ಸಮಾಧಾನ. ಇದನ್ನು ಹಳಬರ ಹಠ ಎಂದು ತಳ್ಳಿಹಾಕುವುದು ಸುಲಭ. ಹದಿನೆಂಟು ವರ್ಷದ ಹುಡುಗ ಹಳಬನಲ್ಲ.

ನಮ್ಮೂರು ಕ್ಯಾತನಹಳ್ಳಿ, ಪಾಂಡವಪುರ ತಾಲ್ಲೂಕಿನದು. ಹೊರಗಿನವರಿಗೆ ಅದು ರೈತ ನಾಯಕ ಕೆ.ಎಸ್. ಪುಟ್ಟಣ್ಣಯ್ಯನವರ ಊರು. ಹುಡುಗರಾಗಿದ್ದ ನಮಗೆ ಅದು ಕಬ್ಬು, ಭತ್ತ, ಆಲೆಮನೆಯ ಹೊಗೆ. 1993ರಲ್ಲಿ ದೂರದರ್ಶನದಲ್ಲಿ ಭಾನುವಾರ ಬೆಳಿಗ್ಗೆ ‘ಜಂಗಲ್ ಬುಕ್’ ಬರತೊಡಗಿದಾಗ ನನಗೆ ಎಂಟು ವರ್ಷ. ನಮ್ಮ ಬೀದಿಗೆಲ್ಲ ಇದ್ದದ್ದು ಒಂದು ಕಪ್ಪು–ಬಿಳುಪು ಟಿವಿ. ಆ ಮನೆಯ ನಡುಮನೆಯಲ್ಲಿ ನಾವು ಹತ್ತಿಪ್ಪತ್ತು ಮಕ್ಕಳು ಒಬ್ಬರ ತೊಡೆಯ ಮೇಲೊಬ್ಬರು ಕೂರುತ್ತಿದ್ದೆವು. ಗಾಳಿ ಬೀಸಿದರೆ ಹೆಂಚಿನ ಮೇಲೆ ಹತ್ತಿ ಆಂಟೆನಾ ತಿರುಗಿಸಬೇಕು. “ಬಂತಾ?” “ಬಂತು ಬಂತು... ಹೋಯ್ತು.” ಕೆಲವು ಭಾನುವಾರ ಕರೆಂಟೇ ಇರುತ್ತಿರಲಿಲ್ಲ. ಆ ವಾರ ಮೌಗ್ಲಿಗೆ ಏನಾಯಿತೆಂಬುದನ್ನು ನಾವೇ ಹೊಂದಿಸಿಕೊಳ್ಳಬೇಕಿತ್ತು. ಸೋಮವಾರ ಶಾಲೆಯ ಹೊತ್ತಿಗೆ ಒಂದಲ್ಲ, ನಾಲ್ಕು ಕಥೆ ತಯಾರಾಗಿರುತ್ತಿದ್ದವು.

ಮಾತೆಲ್ಲ ಹಿಂದಿ. ನಮಗೆ ಹಿಂದಿ ಬರುತ್ತಿರಲಿಲ್ಲ. ಏಳನೇ ಕ್ಲಾಸಿನ ಒಬ್ಬ ಅಣ್ಣ ಮುಂದೆ ಕೂತು ಪ್ರತಿ ಮಾತಿಗೂ ಕನ್ನಡದಲ್ಲಿ ಅರ್ಥ ಹೇಳುತ್ತಿದ್ದ. ಅದರಲ್ಲಿ ಅರ್ಧಕ್ಕರ್ಧ ಅವನದೇ ಸೃಷ್ಟಿ ಎಂದು ಬಹಳ ವರ್ಷಗಳ ಮೇಲೆ ಹಿಂದಿ ಕಲಿತು ನೋಡಿದಾಗ ತಿಳಿಯಿತು. ಅವನ ಬಘೀರ ನಮ್ಮೂರ ಹಿರಿಯರ ಹಾಗೆ “ಏನ್ಲಾ ಮಗ, ಉಂಡ್ಯಾ?” ಎಂದು ಕೇಳುತ್ತಿದ್ದ. ಶೇರ್ ಖಾನ್ ಸಾಲ ವಸೂಲಿಗೆ ಬಂದವನ ಹಾಗೆ ಬೆದರಿಸುತ್ತಿದ್ದ. ಮೊದಲಿಗೆ ಬರುವ ಹಾಡಿನಲ್ಲಿ ನಮಗೆ ಅರ್ಥವಾಗುತ್ತಿದ್ದದ್ದು ಚಡ್ಡಿ ಎಂಬ ಒಂದೇ ಪದ. ಅಷ್ಟೇ ಸಾಕಾಗಿತ್ತು, ಇಡೀ ಹಾಡು ನಮ್ಮದಾಗಿಬಿಟ್ಟಿತ್ತು. ಅದನ್ನು ಬರೆದವರು ಗುಲ್ಜಾರ್, ರಾಗ ಕಟ್ಟಿದವರು ವಿಶಾಲ್ ಭಾರದ್ವಾಜ್ ಎಂಬುದೆಲ್ಲ ಆಮೇಲೆ ತಿಳಿದದ್ದು.

ಕಪ್ಪು–ಬಿಳುಪಿನ ಪರದೆಯಲ್ಲಿ ಬಲ್ಲು ಕರಡಿ ಬೂದಿಯ ಬಣ್ಣಕ್ಕಿತ್ತು. ಕರಡಿ ಬೂದಿಯ ಬಣ್ಣದ್ದಲ್ಲ ಎಂಬುದು ನನಗೆ ಖಾತ್ರಿಯಿತ್ತು. ಆಲೆಮನೆಯಲ್ಲಿ ಕೊಪ್ಪರಿಗೆ ಇಳಿಸುವ ಸ್ವಲ್ಪ ಮುಂಚೆ ಪಾಕಕ್ಕೆ ಒಂದು ಬಣ್ಣ ಬರುತ್ತದೆ. ಕೆಂಪೂ ಅಲ್ಲ, ಕಂದೂ ಅಲ್ಲ, ಒಳಗಿನಿಂದ ಬೆಳಕು ಬರುವ ಹಾಗೆ ಹೊಳೆಯುವ ಬಣ್ಣ. ಬಲ್ಲು ಆ ಬಣ್ಣದವನು ಎಂದು ನಾನು ಗೊತ್ತುಮಾಡಿಕೊಂಡಿದ್ದೆ. ಮೌಗ್ಲಿಯ ಕಾಡು ನಮ್ಮ ಕಬ್ಬಿನ ಗದ್ದೆ. ಅದು ಸುಳ್ಳಿನ ಹೋಲಿಕೆಯೂ ಅಲ್ಲ: ಕಬ್ಬಿನೊಳಗೆ ಚಿರತೆ ಸೇರಿಕೊಂಡು ಮರಿ ಹಾಕುವುದು ಮಂಡ್ಯದ ಕಡೆ ಯಾರಿಗೂ ಹೊಸ ಸುದ್ದಿಯಲ್ಲ. ಗದ್ದೆಗೆ ನೀರು ಕಟ್ಟಲು ಹೋಗುವ ಅಪ್ಪನ ಜೊತೆ ಸಂಜೆ ನಡೆಯುವಾಗ ಗರಿ ಸರಬರ ಎಂದರೆ, ಹೆದರಿಕೆಯ ಜೊತೆಗೇ ಬಘೀರನ ನಂಟೂ ನೆನಪಾಗುತ್ತಿತ್ತು.

ಮೈಸೂರಿನ ಥಿಯೇಟರಿನಲ್ಲಿ ಕಂಡ ಕರಡಿಯ ಮೈಯ ಒಂದೊಂದು ಕೂದಲೂ ಬೇರೆ ಬೇರೆಯಾಗಿ ಕಾಣುತ್ತಿತ್ತು. ನೀರಿನಿಂದ ಎದ್ದರೆ ಕೂದಲು ಒದ್ದೆಯಾಗಿ ಅಂಟಿಕೊಳ್ಳುತ್ತಿತ್ತು. ಅಷ್ಟೊಂದು ಕೆಲಸಗಾರರ ಅಷ್ಟೊಂದು ಶ್ರಮವನ್ನು ಹೀಗಳೆಯಲು ನನಗೆ ಮನಸ್ಸಿಲ್ಲ. ಲಾಸ್ ಏಂಜಲೀಸಿನ ಸ್ಟುಡಿಯೋ ಒಳಗೆ, ಮೌಗ್ಲಿಯ ವೇಷದ ಒಬ್ಬ ಹುಡುಗನ ಸುತ್ತ, ಕಂಪ್ಯೂಟರಿನಲ್ಲಿ ಒಂದು ಕಾಡನ್ನೇ ಬೆಳೆಸಿದ್ದರು. ನನಗೆ ತೊಂದರೆ ಆದದ್ದು ಬೇರೆ ಕಡೆ. ಆ ಕಾಡಿನಲ್ಲಿ ಒಂದು ಎಲೆಯೂ ಕಮ್ಮಿ ಇರಲಿಲ್ಲ. ನಾನು ಕೈ ಹಾಕಲು ಎಲ್ಲೂ ಜಾಗ ಉಳಿದಿರಲಿಲ್ಲ.

ಬಹಳ ದಿನ ನಾನು ಇದನ್ನೇ ಉತ್ತರವೆಂದು ಇಟ್ಟುಕೊಂಡಿದ್ದೆ. ಗೆರೆಯಲ್ಲಿ ಬಿಡಿಸಿದ ಮುಖ ಅರೆಬರೆ. ಎರಡು ಚುಕ್ಕೆ ಕಣ್ಣು, ಒಂದು ಕೊಂಕು ಬಾಯಿ. ಉಳಿದದ್ದನ್ನು ಮಗು ತುಂಬುತ್ತದೆ. 1994ರ ‘ದಿ ಲಯನ್ ಕಿಂಗ್’ನಲ್ಲಿ ಸಿಂಹದ ಮರಿ ಅತ್ತರೆ ನಾವು ಅತ್ತೆವು. 2019ರಲ್ಲಿ ಅದನ್ನೇ ನಿಜವಾದ ಸಿಂಹಗಳೆಂಬಂತೆ ಮತ್ತೆ ತೆಗೆದರು. ಇಡೀ ಚಿತ್ರದಲ್ಲಿ ಕ್ಯಾಮೆರಾದಿಂದ ಹಿಡಿದ ದೃಶ್ಯ ಒಂದೇ ಒಂದು, ಉಳಿದದ್ದೆಲ್ಲ ಕಂಪ್ಯೂಟರಿನದು ಎಂದು ಅದರ ನಿರ್ದೇಶಕ ಜಾನ್ ಫವ್ರೋ ಹೇಳಿದ್ದರು. ಜಂಗಲ್ ಬುಕ್ ತೆಗೆದವರೂ ಅವರೇ. ಆದರೆ ನಿಜವಾದ ಸಿಂಹದ ಮುಖಕ್ಕೆ ಅಳು ಬರುವುದಿಲ್ಲ. ಅಪ್ಪ ಸತ್ತು ಬಿದ್ದಿದ್ದಾನೆ, ಮರಿಯ ಮುಖ ಮಾತ್ರ ಬಿಸಿಲಿನಲ್ಲಿ ಮಲಗೆದ್ದ ಬೆಕ್ಕಿನ ಹಾಗಿದೆ ಎಂದು ಜಗತ್ತಿನಾದ್ಯಂತ ಜನ ನೊಂದುಕೊಂಡರು. ದುಡ್ಡು ಹರಿದು ಬಂತು, ಅದು ಬೇರೆ ಮಾತು.

ನಮ್ಮ ಕಡೆಯ ಹಳಬರಿಗೆ ಈ ಗೆರೆಯ ಗುಟ್ಟು ಗೊತ್ತಿತ್ತು. ತೊಗಲು ಗೊಂಬೆಯಾಟ ನೋಡಿದವರು ಬಲ್ಲರು. ಹದಮಾಡಿದ ತೊಗಲು, ಅದಕ್ಕೆ ಬಣ್ಣ, ಒಡವೆಯ ಜಾಗದಲ್ಲೆಲ್ಲ ಸಣ್ಣ ಸಣ್ಣ ತೂತು. ಹಿಂದಿನಿಂದ ದೀಪ ಹಿಡಿದರೆ ಆ ತೂತುಗಳಲ್ಲೇ ಕಿರೀಟ ಹೊಳೆಯುತ್ತದೆ, ಅಂದರೆ ಇಲ್ಲದ ಕಡೆಯಲ್ಲೇ ಬೆಳಕು. ದೇವರು, ರಾಜರ ಗೊಂಬೆ ದೊಡ್ಡವು, ಸಾಮಾನ್ಯರದು ಚಿಕ್ಕವು. ಅಳತೆಗೆ ಕಣ್ಣಿನ ಲೆಕ್ಕವಲ್ಲ, ಮನಸ್ಸಿನ ಲೆಕ್ಕ. ಆಟದ ನಡುವೆ ಕಿಳ್ಳೇಕ್ಯಾತ ತನ್ನ ಹೆಂಡತಿ ಬಂಗಾರಕ್ಕನ ಜೊತೆ ನುಗ್ಗಿ ಬಂದು ರಾಮಾಯಣ, ಭಾರತಗಳ ಮಧ್ಯೆಯೇ ಊರಿನ ಸುದ್ದಿ ಆಡುತ್ತಾನೆ. ನಮ್ಮೂರಿನ ಹೆಸರಿನಲ್ಲಿರುವ ಕ್ಯಾತ ಅವನೇ ಎಂದು ಹುಡುಗನಾಗಿದ್ದಾಗ ನಾನು ನಂಬಿದ್ದೆ. ಆ ನಂಬಿಕೆಯನ್ನು ಯಾರೂ ನನ್ನಿಂದ ಕಿತ್ತುಕೊಳ್ಳಲಿಲ್ಲ. ತೊಗಲು ಗೊಂಬೆಗೆ ಯಾರಾದರೂ ನಿಜವಾದ ಕೂದಲು ಅಂಟಿಸಿದ್ದರೆ ಅದು ಸತ್ತ ಆಡಿನ ಹಾಗೆ ಕಾಣುತ್ತಿತ್ತೇ ಹೊರತು ರಾಮನ ಹಾಗಲ್ಲ.

ಗೆರೆ ಜಾಗ ಬಿಡುತ್ತದೆ, ಪೂರ್ತಿ ಚಿತ್ರ ಜಾಗ ಬಿಡುವುದಿಲ್ಲ. ಅದಕ್ಕೇ ಈ ಸಂಕಟ. ಹೀಗೆ ನಾನು ನಿಶ್ಚಿಂತನಾಗಿದ್ದೆ. ಅದನ್ನು ಕೆಡವಿದವಳು ನಮ್ಮವ್ವ.

2025ರ ಜುಲೈನಲ್ಲಿ ‘ಮಹಾವತಾರ್ ನರಸಿಂಹ’ ಬಂತು. ಅಶ್ವಿನ್ ಕುಮಾರ್ ನಿರ್ದೇಶಿಸಿ, ನಮ್ಮ ಹೊಂಬಾಳೆ ಫಿಲ್ಮ್ಸ್ ಅರ್ಪಿಸಿದ ಆನಿಮೇಷನ್ ಚಿತ್ರ, ಕನ್ನಡದಲ್ಲೂ ಇತ್ತು. ಜನ ಮುಗಿಬಿದ್ದು ನೋಡಿದರು, ಥಿಯೇಟರಿನಲ್ಲಿ ಕೈಮುಗಿದವರೂ ಉಂಟು. ಅವ್ವನನ್ನೂ ಕರೆದುಕೊಂಡು ಹೋದೆ. ಇಲ್ಲಿ ಗೆರೆ ಇತ್ತು, ಬಣ್ಣವಿತ್ತು, ಬಿಡಿಸಿದ ಲೋಕವಿತ್ತು. ನನ್ನ ಲೆಕ್ಕದ ಪ್ರಕಾರ ಅವ್ವನಿಗೆ ಹಿಡಿಸಬೇಕಿತ್ತು. ಅವಳು ಶಾಂತವಾಗಿ ಪೂರ್ತಿ ನೋಡಿ, ಹೊರಗೆ ಬಂದು ಸೆರಗು ಸರಿಮಾಡಿಕೊಳ್ಳುತ್ತಾ, “ಚೆಂದಾಗದೆ. ಆದ್ರೆ ರಾಜ್‌ಕುಮಾರ್ ಇಲ್ದೆ ಅದ್ಯಾವ ಹಿರಣ್ಯಕಶ್ಯಪು?” ಎಂದಳು. ಅವಳ ಹಿರಣ್ಯಕಶಿಪು 1983ರ ‘ಭಕ್ತ ಪ್ರಹ್ಲಾದ’ದವನು. ಅವಳ ಪ್ರಹ್ಲಾದ ಆಗಿನ್ನೂ ಪುಟ್ಟ ಹುಡುಗನಾಗಿದ್ದ ಪುನೀತ್. 2021ರ ಅಕ್ಟೋಬರಿನಲ್ಲಿ ಪುನೀತ್ ತೀರಿಕೊಂಡ ದಿನ ಅವ್ವ ಒಲೆ ಹಚ್ಚಲಿಲ್ಲ. ಸತ್ತದ್ದು ನಲವತ್ತಾರು ವರ್ಷದ ನಟನಲ್ಲ, ಅಪ್ಪನೆದುರು ಹೆದರದೆ ಕೈಮುಗಿದು ನಿಂತ ಆ ಮಗು ಎಂಬಂತೆ ಅವಳು ಅತ್ತಿದ್ದಳು.

ಅವ್ವನಿಗೆ ಮೂಲ ಎನಿಸಿದ್ದು ರಕ್ತಮಾಂಸದವರ ಚಿತ್ರ, ಪರಕೀಯ ಎನಿಸಿದ್ದು ಬಿಡಿಸಿದ ಚಿತ್ರ. ನನ್ನದಕ್ಕೆ ತದ್ವಿರುದ್ಧ. ಸಂಕಟ ಮಾತ್ರ ಒಂದೇ. ಹಾಗಾದರೆ ಗೆರೆಯ ಮಾತು ಪೂರ್ತಿ ಸುಳ್ಳಲ್ಲದಿದ್ದರೂ ಅದು ಬೇರಲ್ಲ, ಕೊಂಬೆ.

ನಾನು ಕಾಯುತ್ತಿದ್ದ ಮೂಲವನ್ನು ಹುಡುಕಿ ಹೊರಟರೆ ಅದು ಕೈಗೆ ಸಿಗುವುದೂ ಇಲ್ಲ. ನನ್ನ ಮೌಗ್ಲಿಯನ್ನು ಬಿಡಿಸಿದವರು ಜಪಾನಿನವರು. 1989ರಲ್ಲಿ ಅಲ್ಲಿನ ಮಕ್ಕಳಿಗಾಗಿ ನಿಪ್ಪಾನ್ ಆನಿಮೇಷನ್ ಸಂಸ್ಥೆ ಮಾಡಿದ 52 ಕಂತುಗಳ ಮಾಲೆ ಅದು. ಅದಕ್ಕೆ ಮಾತು ಕೊಟ್ಟವರು ಹಿಂದಿಯವರು. ಕಥೆ ರುಡ್ಯಾರ್ಡ್ ಕಿಪ್ಲಿಂಗ್‌ನದು, ಪುಸ್ತಕ ಬಂದದ್ದು 1894ರಲ್ಲಿ. ನಡುವೆ 1967ರಲ್ಲಿ ಡಿಸ್ನಿಯವರು ಹಾಡು ಕುಣಿತದ ಕಾರ್ಟೂನು ಮಾಡಿದ್ದರು. 2016ರ ಸಿನಿಮಾ ಅದರ ಮರುಸೃಷ್ಟಿ. ಅಂದರೆ ಅವರು ನನ್ನ ಮೌಗ್ಲಿಯನ್ನು ಮುಟ್ಟಿರಲೇ ಇಲ್ಲ. ಅಮೆರಿಕದ ಅಜ್ಜನೊಬ್ಬ ತನ್ನ ಬಾಲ್ಯಕ್ಕೆ ಹೋಲಿಸಿ ಮುನಿಸಿಕೊಂಡಿದ್ದರೆ ಅದಕ್ಕೊಂದು ಅರ್ಥವಿತ್ತು. ಇಲ್ಲಿ ಚಿತ್ರ ಬಿಡುಗಡೆಯಾದಾಗ ಆ ಹಳೆಯ ಹಿಂದಿ ಹಾಡನ್ನು ಪ್ರಚಾರಕ್ಕಾಗಿ ಹೊಸದಾಗಿ ಮಾಡಿಸಿದ್ದರು, ಹಿಂದಿಯ ಶೇರ್ ಖಾನನಿಗೆ ಮತ್ತೆ ನಾನಾ ಪಾಟೇಕರ್ ಅವರ ದನಿಯನ್ನೇ ಹಿಡಿದಿದ್ದರು. ನಮ್ಮ ನೆನಪಿಗೆ ಬೆಲೆ ಇದೆ ಎಂದು ಅವರಿಗೆ ಗೊತ್ತಿತ್ತು. ಅಮೆರಿಕಕ್ಕಿಂತ ಒಂದು ವಾರ ಮೊದಲೇ, ಏಪ್ರಿಲ್ 8ರಂದು, ಚಿತ್ರವನ್ನು ಇಲ್ಲಿ ತೆರೆಗೆ ತಂದರು.

ಇಂಗ್ಲಿಷಿನಲ್ಲಿ ಬಂತು, ಹಿಂದಿಯಲ್ಲಿ ಬಂತು, ತಮಿಳು, ತೆಲುಗಿನಲ್ಲೂ ಬಂತು. ಕನ್ನಡದಲ್ಲಿ ಬರಲಿಲ್ಲ. ಈ ಮಾತನ್ನು ನಾನು ಸುಮ್ಮನೆ ದಾಟಿ ಹೋಗಲಾರೆ. 1960ರ ದಶಕದಲ್ಲಿ ಕನ್ನಡ ಚಿತ್ರರಂಗ ಇನ್ನೂ ಎಳೆಗರು. ಬೇರೆ ಭಾಷೆಯ ಚಿತ್ರಗಳು ಕನ್ನಡದ ಮಾತು ಹಾಕಿಕೊಂಡು ಬಂದರೆ ಇಲ್ಲಿನ ಕಲಾವಿದರಿಗೆ ಕೆಲಸವಿಲ್ಲದಂತಾಗುತ್ತದೆ ಎಂದು ಡಬ್ಬಿಂಗ್ ವಿರುದ್ಧ ಎದ್ದ ಹೋರಾಟಕ್ಕೆ ಅಂದು ಗಟ್ಟಿ ಕಾರಣವಿತ್ತು. ಆ ಹೋರಾಟದಿಂದ ನಮಗೆ ಸಿಕ್ಕಿದ್ದು ದೊಡ್ಡದು. ಅವ್ವನ ಹಿರಣ್ಯಕಶಿಪುವೂ ಅದರ ಫಲದಲ್ಲೊಂದು ಎಂದರೆ ತಪ್ಪಾಗದು. ಆದರೆ ಕಟ್ಟೆ ಕಟ್ಟಿದ ಮೇಲೆ ನಾಲೆಯ ಕೊನೆಯ ಗದ್ದೆಗೆ ನೀರು ಹೋಯಿತೇ ಎಂದು ನೋಡುವವರು ಬೇಕು. ನಮ್ಮ ಮಕ್ಕಳು ಆ ಕೊನೆಯ ಗದ್ದೆ. 2009ರಲ್ಲಿ ಚಿಂಟು ಟಿವಿ ಬಂದು ಕಾರ್ಟೂನುಗಳು ಕನ್ನಡ ಮಾತಾಡತೊಡಗಿದ ಮೇಲೆ ಅಕ್ಕನ ಮಗ ನಾಲ್ಕನೆಯ ವಯಸ್ಸಿಗೆ ಡೋರಾಳ ಪ್ರಶ್ನೆಗೆ ಟಿವಿಯ ಮುಂದೆ ನಿಂತು ಕೂಗಿ ಉತ್ತರ ಹೇಳುತ್ತಿದ್ದುದನ್ನು ನೋಡಿದ್ದೇನೆ. ಸಿನಿಮಾಗಳ ವಿಷಯದಲ್ಲಿ ಕನ್ನಡ ಗ್ರಾಹಕರ ಕೂಟ ದೂರು ಕೊಟ್ಟು, 2015ರಲ್ಲಿ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವುದು ತಪ್ಪೆಂದು ಹೇಳಬೇಕಾಯಿತು. 2017ರಲ್ಲಿ ‘ಸತ್ಯದೇವ್ ಐಪಿಎಸ್’ ಬರುವವರೆಗೆ ಬಾಗಿಲು ತೆರೆಯಲಿಲ್ಲ. 2016ರ ಆ ಬೇಸಿಗೆಯಲ್ಲಿ ನನ್ನ ಪಕ್ಕ ಕೂತ ಹುಡುಗ, 1993ರಲ್ಲಿ ನಾನು ನೋಡಿದಂತೆಯೇ, ತನ್ನದಲ್ಲದ ನುಡಿಯಲ್ಲಿ ಮೌಗ್ಲಿಯನ್ನು ನೋಡಿದ. ಇಪ್ಪತ್ತಮೂರು ವರ್ಷ ಕಳೆದಿತ್ತು. ಒಂದೇ ವ್ಯತ್ಯಾಸ: ಅವನ ಮುಂದೆ ಏಳನೇ ಕ್ಲಾಸಿನ ಅಣ್ಣ ಇರಲಿಲ್ಲ. ಅರ್ಥ ಹೇಳಬೇಕಾಗಿದ್ದವನು ನಾನು. ನಾನು ನನ್ನ ದುಃಖ ಕಟ್ಟಿಕೊಂಡು ಕೂತಿದ್ದೆ.

ಇದು ಹೊಳೆದ ಮೇಲೆಯೇ ಅವನ ಪ್ರಶ್ನೆಯ ಹತ್ತಿರಕ್ಕೆ ಬಂದೆ. ನಾನು ಕಾಯುತ್ತಿದ್ದದ್ದು ಜಪಾನಿನವರು ಮಾಡಿದ ಮೌಗ್ಲಿಯನ್ನಲ್ಲ. ಆ ಅಣ್ಣ ಹೇಳಿದ ಮಾತನ್ನು, ಕರೆಂಟು ಹೋದಾಗ ನಾವು ಹೊಂದಿಸಿಕೊಂಡ ಕಥೆಯನ್ನು, ನಾನು ಕರಡಿಗೆ ಹಚ್ಚಿದ ಬೆಲ್ಲದ ಬಣ್ಣವನ್ನು. ಅರ್ಧ ಅವರು ಕಳಿಸಿದ್ದು, ಅರ್ಧ ನಾವು ಮಾಡಿದ್ದು. ಅವ್ವನಿಗೂ ಹಾಗೆಯೇ. ಹಬ್ಬದ ಬಯಲಿನಲ್ಲಿ ಪರದೆ ಕಟ್ಟಿ ತೋರಿಸಿದ ‘ಭಕ್ತ ಪ್ರಹ್ಲಾದ’ವನ್ನು ಮಡಿಲಲ್ಲಿ ಕೂಸು ಇಟ್ಟುಕೊಂಡು ಅವಳು ನೋಡಿದ್ದು. ಪ್ರಹ್ಲಾದನನ್ನು ಬೆಟ್ಟದಿಂದ ನೂಕಿದಾಗ ಮಡಿಲ ಕೂಸನ್ನು ಎದೆಗವಚಿಕೊಂಡಿದ್ದಳಂತೆ. ಆ ಅವಚಿಕೊಂಡದ್ದೂ ಸೇರಿಯೇ ಅವಳ ಚಿತ್ರ. ಹೊಸ ಚಿತ್ರ ಎಷ್ಟೇ ಒಳ್ಳೆಯದಿದ್ದರೂ ಅದರಲ್ಲಿ ಅವಳು ಸೇರಿಸಿದ್ದು ಇನ್ನೂ ಏನೂ ಇಲ್ಲ. ಅದು ನಮ್ಮ ಹೆಸರಿನ ಬೇರೊಬ್ಬರ ಮನೆ.

ಹೀಗಿದ್ದರೂ ಒಬ್ಬರಿಗೆ ಮಾತ್ರ ಈ ಸಂಕಟ ಎಂದೂ ಬರಲಿಲ್ಲ. ನಮ್ಮಜ್ಜಿಗೆ.

ಅಕ್ಕನ ಮಗ ಚಿಕ್ಕವನಿದ್ದಾಗ ಛೋಟಾ ಭೀಮ್ ಹಾಕಿಕೊಂಡು ಕೂರುತ್ತಿದ್ದ. 2008ರಲ್ಲಿ ಪೋಗೋದಲ್ಲಿ ಶುರುವಾದ, ಹೈದರಾಬಾದಿನ ರಾಜೀವ್ ಚಿಲಕಾ ಅವರ ಕಾರ್ಟೂನು. ಢೋಲಕ್‌ಪುರ ಎಂಬ ಊರು, ಕೇಸರಿ ಪಂಚೆಯ ಗುಂಡುಗುಂಡಾದ ಹುಡುಗ, ಲಾಡು ತಿಂದರೆ ಬರುವ ಬಲ. ಅಜ್ಜಿ ಎಲೆ ಅಡಿಕೆ ಹಾಕಿಕೊಳ್ಳುತ್ತಾ ಪಕ್ಕದಲ್ಲಿ ಕೂತು, “ಯಾರ್ಲಾ ಅವ್ನು?” ಎಂದಳು. “ಭೀಮ.” “ನಮ್ ಭೀಮ್ನಾ?” “ಊಂ.” ಅಜ್ಜಿ ಇನ್ನೊಂದು ಸಲ ಪರದೆ ನೋಡಿದಳು. ಹಿಡಿಂಬಿ ಇಲ್ಲ, ದ್ರೌಪದಿ ಇಲ್ಲ, ಗದೆ ಇಲ್ಲ. “ಇನ್ನೂ ಐಕ್ಳಲ್ವಾ. ತಿನ್ಲಿ ಬುಡು, ಮುಂದೆ ಬಕಾಸುರನ್ ಹೊಡೀಬೇಕು,” ಎಂದು ಎಲೆಗೆ ಸುಣ್ಣ ಹಚ್ಚಿದಳು.

ಅವಳು ಪಾಂಡವಪುರದ ಸೀಮೆಯವಳು. ಹೈದರ್, ಟಿಪ್ಪುವಿನ ಕಾಲದಲ್ಲಿ ಫ್ರೆಂಚ್ ದಂಡು ಬೀಡುಬಿಟ್ಟಿದ್ದಕ್ಕೆ ಇಂಗ್ಲಿಷರು ಫ್ರೆಂಚ್ ರಾಕ್ಸ್ ಎಂದು ಕರೆದ ಊರು, ಜನರ ಬಾಯಲ್ಲಿ ಮಾತ್ರ ಕುಂತಿ ಮಕ್ಕಳೊಂದಿಗೆ ಬಂದು ಇದ್ದು ಹೋದ ಜಾಗ. ಕುಂತಿ ಬೆಟ್ಟದ ಎರಡು ಕಲ್ಲುಗುಡ್ಡಗಳನ್ನು ನೋಡಿಕೊಂಡೇ ಬೆಳೆದವಳಿಗೆ ಭೀಮ ಪಕ್ಕದ ಮನೆಯ ಹುಡುಗ. ಅವನು ಯಾವ ವೇಷದಲ್ಲಿ ಬಂದರೂ ಗುರುತು ಹಿಡಿಯುತ್ತಾಳೆ. ಅವಳು ತನ್ನ ಜೀವಮಾನದಲ್ಲಿ ಎಷ್ಟು ಭೀಮರನ್ನು ನೋಡಿರಬೇಕು! ಮಂಡ್ಯ ಜಿಲ್ಲೆಯ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ನಾಟಕ ಆಡದ ಬೇಸಿಗೆ ಇಲ್ಲ. ಹಾರ್ಮೋನಿಯಂ ಮೇಷ್ಟ್ರು ಬಂದು ತಿಂಗಳುಗಟ್ಟಲೆ ತಾಲೀಮು ಕೊಡುತ್ತಾರೆ. ಪಾತ್ರಕ್ಕೆ ಇಷ್ಟೆಂದು ಪಾತ್ರಧಾರಿಯೇ ದುಡ್ಡು ಕಟ್ಟುತ್ತಾನೆ, ಕೃಷ್ಣ, ದುರ್ಯೋಧನರಿಗೆ ಹೆಚ್ಚು. ಎಮ್ಮೆ ಮಾರಿ ಕರ್ಣನಾದವರಿದ್ದಾರೆ. ಸೀನರಿ, ಡ್ರೆಸ್ಸು ಬಾಡಿಗೆಗೆ ಬರುತ್ತದೆ. ರಾತ್ರಿ ಶುರುವಾದರೆ ಗದಾಯುದ್ಧದ ಹೊತ್ತಿಗೆ ಕೋಳಿ ಕೂಗುತ್ತದೆ. ಬೆಳಿಗ್ಗೆ ಡೇರಿಗೆ ಹಾಲು ಹಾಕುವವನು ಸಂಜೆಗೆ ಧರ್ಮರಾಯ. ಒಂದು ವರ್ಷದ ಭೀಮ ಸಣಕಲ, ಇನ್ನೊಂದು ವರ್ಷದವನು ದಢೂತಿ, ಮತ್ತೊಬ್ಬನಿಗೆ ಮಟ್ಟು ತಪ್ಪುತ್ತದೆ. ಜನ ಬೈಯುತ್ತಾರೆ, ಒನ್ಸ್ ಮೋರ್ ಅನ್ನುತ್ತಾರೆ, ಕೊರಳಿಗೆ ನೋಟಿನ ಹಾರ ಹಾಕುತ್ತಾರೆ. ಇದು ಭೀಮನೇ ಅಲ್ಲ ಎಂದು ಮಾತ್ರ ಯಾರೂ ಮನೆಗೆ ಎದ್ದು ಹೋಗುವುದಿಲ್ಲ.

ನಿಜದ ಹುಚ್ಚು ಅಲ್ಲಿಯೂ ಇತ್ತು. ಗುಬ್ಬಿ ವೀರಣ್ಣನವರ ಕಂಪನಿಯ ‘ಕುರುಕ್ಷೇತ್ರ’ದಲ್ಲಿ ನಿಜವಾದ ಆನೆ, ಕುದುರೆಗಳೇ ರಂಗದ ಮೇಲೆ ಬರುತ್ತಿದ್ದವು. ಅದನ್ನು ನೋಡಿದವರು ಮಕ್ಕಳು ಮೊಮ್ಮಕ್ಕಳಿಗೆ ಹೇಳಿಕೊಂಡರು. ಆದರೂ ಹಳ್ಳಿಯ ಸ್ಟೇಜಿನ ರಟ್ಟಿನ ರಥ ಅದರಿಂದ ಮೂಲೆಗೆ ಬೀಳಲಿಲ್ಲ. ಕಂಪನಿಯವರು ಆನೆ ತಂದರು, ನಾವು ರಟ್ಟು ತಂದೆವು, ಎರಡೂ ಕುರುಕ್ಷೇತ್ರವೇ. 2019ರ ಆಗಸ್ಟಿನಲ್ಲಿ ಕನ್ನಡದ ‘ಕುರುಕ್ಷೇತ್ರ’ ಸಿನಿಮಾ ತ್ರೀಡಿಯಲ್ಲಿ ಬಂದಾಗ ನಮ್ಮ ಕಡೆಯ ಜನ ಹೋದರು. ಅದರಲ್ಲಿ ಭೀಷ್ಮನಾಗಿದ್ದವರು ಅಂಬರೀಷ್, ಹಿಂದಿನ ನವೆಂಬರಿನಲ್ಲೇ ತೀರಿಕೊಂಡಿದ್ದವರು. ಮಂಡ್ಯದವರು ಶರಶಯ್ಯೆಯ ಭೀಷ್ಮನನ್ನು ನೋಡಲಿಲ್ಲ, ತಮ್ಮ ಅಂಬರೀಷಣ್ಣನಿಗೆ ಇನ್ನೊಂದು ಸಲ ಕೈಮುಗಿದು ಬಂದರು. ಊರಿನಲ್ಲಿ ನಾಲ್ಕು ಸಲ ದುರ್ಯೋಧನನಾಗಿದ್ದ ಹಿರಿಯರೊಬ್ಬರನ್ನು ಹೇಗಿತ್ತೆಂದು ಕೇಳಿದೆ. “ಎಲ್ಲಾ ಸರಿ. ಮಟ್ಟಿಲ್ದೆ ಕೌರವ ಒಳಗೆ ಎಂಗ್ ಬತ್ತಾನೆ ಅಂತ ಗೊತ್ತಾಗ್ಲಿಲ್ಲ ಕಣಪ್ಪ,” ಎಂದರು. ಅವರದು ದುಃಖವಲ್ಲ, ಕಸುಬುದಾರ ಇನ್ನೊಬ್ಬನ ಕೆಲಸ ನೋಡಿ ಹೇಳುವ ಮಾತು. ಬೇಕಾದರೆ ಮುಂದಿನ ಬೇಸಿಗೆಗೆ ಅವರೇ ಮತ್ತೆ ಬಣ್ಣ ಹಚ್ಚಿ ಸರಿಯಾದ ಕೌರವನನ್ನು ತೋರಿಸಬಲ್ಲರು.

ನನಗೂ ಅವರಿಗೂ ಇರುವ ಅಂತರ ಇದೇ. ನಾನು ಮೌಗ್ಲಿಯನ್ನು ಮತ್ತೆ ಮಾಡಲಾರೆ. ಎಂಟನೆಯ ವಯಸ್ಸಿನಲ್ಲಿ ಮಾಡುತ್ತಿದ್ದೆ: ಕಬ್ಬಿನ ಸೋಗೆ ಸೊಂಟಕ್ಕೆ ಸುತ್ತಿಕೊಂಡು, ಜಪಾನಿನವರನ್ನೂ ಕಿಪ್ಲಿಂಗನನ್ನೂ ಕೇಳದೆ. ಯಾವಾಗಲೋ ಬಿಟ್ಟುಬಿಟ್ಟೆ. ನೋಡುವವನಷ್ಟೇ ಆಗಿ ಉಳಿದೆ. ಕಟ್ಟುವ ಕೈ ಸುಮ್ಮನಾದ ಮೇಲೆ 1993ರ ಆ ಮೌಗ್ಲಿ ಅಲ್ಲೇ ನಿಂತುಬಿಟ್ಟ, ಒಣಗಿದ ಹೂವಿನ ಹಾಗೆ ಪುಸ್ತಕದೊಳಗೆ. ಯಾರು ಪುಸ್ತಕ ತೆರೆದರೂ ಉದುರಿಹೋದಾನೆಂಬ ಭಯ. ಅಜ್ಜಿಯ ಭೀಮ ಗಿಡದಲ್ಲಿದ್ದ. ಉದುರಿದರೆ ಮತ್ತೆ ಬಿಡುತ್ತಾನೆ. ಹೊಸ ಸಿನಿಮಾ ಬಂದಾಗ ನಮಗಾಗುವ ಅನುಮಾನದಲ್ಲಿ ಪ್ರೀತಿ ಇದೆ, ಅದನ್ನು ನಾನು ಬಿಟ್ಟುಕೊಡುವುದಿಲ್ಲ. ನಮ್ಮ ಬಾಲ್ಯವನ್ನು ಕೇಳದೆ ಕೊಂಡೊಯ್ದು ನಮಗೇ ಟಿಕೆಟಿಗೆ ಮಾರುತ್ತಾರೆಂಬ ನೋವಿನಲ್ಲೂ ನ್ಯಾಯವಿದೆ. ಆದರೆ ಆ ನೋವಿನ ತಳದಲ್ಲಿ ಇನ್ನೊಂದಿದೆ: ನಮ್ಮದು ನಮ್ಮ ಕೈಯಿಂದ ಜಾರಿ ಹೋದದ್ದು ಅವರು ಬರುವುದಕ್ಕಿಂತ ಬಹಳ ಮುಂಚೆ.

ಅಜ್ಜಿ ಈಗ ಇಲ್ಲ. ಕಳೆದ ಬೇಸಿಗೆಯಲ್ಲಿ ಊರಿನವರು ಮತ್ತೆ ಕುರುಕ್ಷೇತ್ರ ಕಟ್ಟಿದರು. ಅಕ್ಕನ ಮಗ ಭೀಮನ ಪಾತ್ರಕ್ಕೆ ದುಡ್ಡು ಕಟ್ಟಿದ್ದಾನೆಂದು ಅಕ್ಕ ಫೋನಿನಲ್ಲಿ ಅರ್ಧ ಬೈಗುಳ, ಅರ್ಧ ಹೆಮ್ಮೆಯಲ್ಲಿ ಹೇಳಿದಳು. ನಾನು ಹೋದಾಗ ರಾತ್ರಿ ಹತ್ತು ದಾಟಿತ್ತು. ಬಣ್ಣದ ಮನೆಯಲ್ಲಿ, ಹಿಂದೆ ಭೀಮನಾಗಿದ್ದ ಅರವತ್ತು ದಾಟಿದ ಹಿರಿಯರು ಅವನ ಸೊಂಟಪಟ್ಟಿ ಬಿಗಿಯುತ್ತಿದ್ದರು. ಕಣ್ಣಿನ ಸುತ್ತ ಕಾಡಿಗೆ ಇನ್ನಷ್ಟು ಬೇಕೆಂದರು, ಮೀಸೆ ತೀರ ಸಣ್ಣದಾಯಿತೆಂದರು. ಬಾಗಿಲಲ್ಲಿ ನಾಲ್ಕೈದು ಮಕ್ಕಳು ಗುಂಪುಗಟ್ಟಿ ಇಣುಕುತ್ತಿದ್ದವು. ಅದರಲ್ಲೊಂದು ಪುಟ್ಟ ಹುಡುಗಿ ಧೈರ್ಯ ಮಾಡಿ ಒಳಗೆ ಬಂದು, ಅವನನ್ನು ಮೇಲಿಂದ ಕೆಳಗೆ ನೋಡಿ, “ನೀನು ಭೀಮನಾ?” ಎಂದು ಕೇಳಿತು.

“ಹೂಂ ಕಣವ್ವ.”

“ಮತ್ತೆ ಲಾಡು ಎಲ್ಲಿ?”

ಎಲ್ಲರೂ ನಕ್ಕರು. ಅವನು ನಗಲಿಲ್ಲ. ನನ್ನ ಕಡೆ ನೋಡಿದ.

ಬೆಳಗಿನ ಜಾವ ನಾಲ್ಕೂವರೆ. ಮುಂದಿನ ಸಾಲಿನ ಮಕ್ಕಳಲ್ಲಿ ಅರ್ಧ ನಿದ್ದೆಹೋಗಿದ್ದವು. ದುರ್ಯೋಧನ ಕೊಳದಿಂದ ಎದ್ದು ಬಂದು ಕಂದ ಹಾಡಿ ಗದೆ ಎತ್ತಿ ನಿಂತಿದ್ದ. ಭೀಮ ಬಂದವನು ಗದೆಯನ್ನು ಹೆಗಲಿಂದಿಳಿಸಿ, ಸೊಂಟಪಟ್ಟಿಯೊಳಗಿನಿಂದ ಪೊಟ್ಟಣ ತೆಗೆದು ಬಿಚ್ಚಿ, ಒಂದು ಲಾಡನ್ನು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದು ಬಾಯಿಗೆ ಹಾಕಿಕೊಂಡ. ಒಂದು ಕ್ಷಣ ಯಾರಿಗೂ ಏನೂ ತಿಳಿಯಲಿಲ್ಲ. ಆಮೇಲೆ ಮುಂದಿನ ಸಾಲಿನಿಂದ ಕಿರುಚು ಎದ್ದಿತು, ಮಲಗಿದ್ದ ಮಕ್ಕಳು ಎದ್ದು ಕೂತವು, ಹಿಂದಿನಿಂದ ಗಂಡಸರು ಒನ್ಸ್ ಮೋರ್ ಎಂದು ಕೂಗಿದರು. ಹಾರ್ಮೋನಿಯಂ ಮೇಷ್ಟ್ರು ಬೆರಳು ನಿಲ್ಲಿಸಿ, ಕನ್ನಡಕದ ಮೇಲಿಂದ ಅವನನ್ನು ದುರುಗುಟ್ಟಿ ನೋಡಿ, ಮತ್ತೆ ಶ್ರುತಿ ಹಿಡಿದರು. ಅಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದಳು.

ನನ್ನ ಪಕ್ಕದಲ್ಲಿ ಚಾಪೆಯ ಮೇಲೆ ಕೂತಿದ್ದ ಹಳೆಯ ಭೀಮ ತಲೆಯಾಡಿಸಿದರು. “ಅಂಗೆಲ್ಲಾ ಇಲ್ಲ ಅದ್ರಾಗೆ,” ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ರಂಗದ ಮೇಲಿನ ಕಣ್ಣು ತೆಗೆಯದೆ, “ಗದೆ ಇನ್ನೂ ಮೇಲಕ್ಕೆ ಎತ್ಬೇಕು ಅವ್ನು,” ಎಂದು ತಮ್ಮ ಬರಿಗೈಯನ್ನು ಹೆಗಲ ಮೇಲಕ್ಕೆತ್ತಿ ತೋರಿಸಿದರು.